'ಬರೀ ಬ್ಯಾಟರಿ ಚೇಂಜ್ ತಾನೇ ಸಾರ್?'

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ವರ್ಕ್‌ಶಾಪ್ ಮೇಷ್ಟ್ರು ಮೂರು ವಾರ ರಜೆ ಹಾಕಿದ್ದರು. "ಎದೆಯಲ್ಲಿರೋ ಪೇಸ್‌ಮೇಕರ್ ಬ್ಯಾಟರಿ ಮುಗೀತಾ ಬಂತು, ಬದಲಾಯಿಸ್ಕೊಂಡು ಬರ್ತೀನಿ" ಅಂತ ಹೇಳಿ ಹೋದರು. ವಾಪಸ್ ಬಂದ ದಿನ ನಮ್ಮಲ್ಲೊಬ್ಬ ಧೈರ್ಯ ಹೇಳೋ ಉತ್ಸಾಹದಲ್ಲಿ, "ಬರೀ ಬ್ಯಾಟರಿ ಚೇಂಜ್ ತಾನೇ ಸಾರ್?" ಅಂದುಬಿಟ್ಟ. ಮೇಷ್ಟ್ರು ನಕ್ಕರು. "ರಿಮೋಟಿಗೆ ಸೆಲ್ ಹಾಕಿದ ಹಾಗೆ ಅಂದ್ಕೊಂಡ್ರೇನ್ರೋ?" ಅಂದರು. ನಗುವಾಗಲೂ ಅವರ ಎಡಗೈ ಎದೆಗೆ ಒತ್ತಿಕೊಂಡೇ ಇತ್ತು.

ನಾಲ್ಕು ವರ್ಷ ಸರ್ಕ್ಯೂಟು, ಮೆಷಿನ್ನು ಅಂತ ಓದುವವರು ನಾವು. ಆದರೂ ಆ ಪ್ರಶ್ನೆ ಎಷ್ಟು ಪೆದ್ದು ಅಂತ ಗೊತ್ತಾಗಿದ್ದು ಆಮೇಲೆ, ಅವರ ಪಕ್ಕ ಕೂತು ಕೇಳಿದಾಗ.

ಪೇಸ್‌ಮೇಕರಿನಲ್ಲಿ ಬ್ಯಾಟರಿಯನ್ನಷ್ಟೇ ತೆಗೆದು ಹಾಕೋಕೆ ಮುಚ್ಚಳವೇ ಇಲ್ಲ. ದೇಹದ ದ್ರವ ಒಳಗೆ ಹೋಗಬಾರದೆಂದು ಟೈಟೇನಿಯಂ ಡಬ್ಬಿಯನ್ನು ಬೆಸೆದು ಸೀಲ್ ಮಾಡಿರುತ್ತಾರೆ. ಹಾಗಾಗಿ ಬದಲಾಗುವುದು ಇಡೀ ಡಬ್ಬಿ. ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿ, ಭುಜದ ಮೂಳೆಯ ಕೆಳಗೆ ಹಳೇ ಗಾಯವಿದ್ದ ಕಡೆಯೇ ಕೊಯ್ದು, ಡಬ್ಬಿ ಹೊರಗೆ ತೆಗೆಯುತ್ತಾರೆ. ಹೃದಯಕ್ಕೆ ಹೋಗಿರುವ ತಂತಿಗಳನ್ನು, ಅಂದರೆ ಲೀಡ್‌ಗಳನ್ನು, ಪರೀಕ್ಷಿಸಿ, ಚೆನ್ನಾಗಿದ್ದರೆ ಹೊಸ ಡಬ್ಬಿಗೆ ಅವನ್ನೇ ಸಿಕ್ಕಿಸಿ ಹೊಲಿಗೆ ಹಾಕುತ್ತಾರೆ. ಪೂರ್ತಿ ಪೇಸ್‌ಮೇಕರನ್ನೇ ನೆಚ್ಚಿಕೊಂಡ ಹೃದಯವಾದರೆ, ಹಳೆಯದು ಕಳಚಿ ಹೊಸದು ಕೂರುವ ಆ ಕೆಲವು ಕ್ಷಣಗಳಿಗೂ ವ್ಯವಸ್ಥೆ ಬೇಕು. ಪವರ್ ಆಫ್ ಮಾಡಿ ಆನ್ ಮಾಡಿದರಾಯ್ತು ಅನ್ನೋ ನಮ್ಮ ಲ್ಯಾಬ್ ಬುದ್ಧಿ ಅಲ್ಲಿ ನಡೆಯಲ್ಲ.

ಒಳಗಿನ ಬ್ಯಾಟರಿಯೂ ಸಾಮಾನ್ಯದ್ದಲ್ಲ. 1970ರ ದಶಕದಿಂದ ಹೆಚ್ಚು ಬಳಕೆಗೆ ಬಂದದ್ದು ಲಿಥಿಯಂ-ಅಯೋಡಿನ್. ಹೊಸದಿದ್ದಾಗ ಸುಮಾರು 2.8 ವೋಲ್ಟ್. ವರ್ಷಗಳು ಕಳೆದಂತೆ ಅದರ ಒಳಗಿನ ರೆಸಿಸ್ಟೆನ್ಸ್ ನಿಧಾನವಾಗಿ ಏರುತ್ತದೆ. ನಮ್ಮ ಮೊಬೈಲಿನ ಹಾಗೆ ದಿಢೀರನೆ ಕೈ ಕೊಡುವುದಿಲ್ಲ. ಚೆಕಪ್‌ನಲ್ಲಿ 'ಬದಲಾಯಿಸುವ ಸಮಯ ಬಂತು' ಅನ್ನುವ ಸೂಚನೆ ಸಿಕ್ಕ ಮೇಲೂ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ಅವಕಾಶ ಇರುತ್ತದೆ. ಚೆಕಪ್ ತಪ್ಪಿಸಬಾರದು ಅನ್ನುವುದು ಇದಕ್ಕೇ.

ಮೊದಲ ಪೇಸ್‌ಮೇಕರನ್ನು ಮನುಷ್ಯನ ದೇಹದೊಳಗೆ ಇಟ್ಟಿದ್ದು 1958ರ ಅಕ್ಟೋಬರ್‌ನಲ್ಲಿ, ಸ್ವೀಡನ್‌ನಲ್ಲಿ. ತಯಾರಿಸಿದ್ದು ರೂನೆ ಎಲ್ಮ್‌ಕ್ವಿಸ್ಟ್, ಆಪರೇಷನ್ ಮಾಡಿದ್ದು ಓಕೆ ಸೆನಿಂಗ್. ಅಚ್ಚಿಗೆ ಬಳಸಿದ್ದು ಶೂ ಪಾಲಿಶ್ ಡಬ್ಬಿ! ಅದು ಕೆಲವೇ ಗಂಟೆ ನಡೆಯಿತು. ಆದರೆ ಅದನ್ನು ಹಾಕಿಸಿಕೊಂಡ ಆರ್ನೆ ಲಾರ್ಸನ್ 2001ರವರೆಗೆ ಬದುಕಿದರು, 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು. ಮೆಷಿನ್ ಮಾಡಿದವರು, ಆಪರೇಷನ್ ಮಾಡಿದವರು ಇಬ್ಬರೂ ಅವರಿಗಿಂತ ಮೊದಲೇ ತೀರಿಕೊಂಡರು. ಇಷ್ಟು ಸಲ ಕೊಯ್ಯಿಸಿಕೊಂಡು ಬದುಕೋದು ಹೇಗಿತ್ತು ಅಂತ ನಾವು ಕೇಳಿಕೊಳ್ಳುವುದೇ ಇಲ್ಲ. ನಮ್ಮ ಕಣ್ಣು ಮೆಷಿನ್ ಮೇಲೇ.

ಮೇಷ್ಟ್ರಿಗೆ ಈ ಸಲ ಹೊಸ ಲೀಡ್ ಹಾಕಿರಲಿಲ್ಲ. ಹಾಗಾಗಿ ಮೊದಲ ಸಲದಷ್ಟು ದಿನ ಕೈ ಮೇಲೆತ್ತಬಾರದು ಅನ್ನೋ ಕಟ್ಟುಪಾಡು ಇರಲಿಲ್ಲ. ಗಾಯ ಮಾಯುವವರೆಗೆ ಒದ್ದೆ ಮಾಡಬಾರದು, ಭಾರ ಎತ್ತಬಾರದು. ಹಾಗಂತ ಕೈ ಅಲ್ಲಾಡಿಸದೇ ಕೂತರೆ ಭುಜ ಹಿಡಿದುಕೊಳ್ಳುತ್ತದೆ. ಅವರಿಗೆ ಭಯ ಇದ್ದದ್ದು ಸೋಂಕಿನದ್ದು. ಮೊದಲ ಸಲ ಹಾಕುವುದಕ್ಕಿಂತ ಡಬ್ಬಿ ಬದಲಾಯಿಸಿದಾಗಲೇ ಸೋಂಕಿನ ಅಪಾಯ ಹೆಚ್ಚು. ಕೆಂಪಾದರೆ, ಊದಿದರೆ, ಕೀವು ಬಂದರೆ, ಜ್ವರ ಬಂದರೆ ತಡ ಮಾಡದೇ ಡಾಕ್ಟರ್ ಹತ್ತಿರ ಓಡಬೇಕು. "ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು ಆ ಗಾಯ ನೋಡೋದೇ ಕೆಲಸ ಆಗಿತ್ತು ಕಣ್ರೋ" ಅಂದರು. 'ಬರೀ ಬ್ಯಾಟರಿ' ಅಂದಿದ್ದಕ್ಕೆ ನಮಗೆ ನಾಚಿಕೆಯಾಯಿತು.

ಆಮೇಲೆ ನಾವು ಮಾಡಿದ್ದು ಇನ್ನೊಂದು ತಪ್ಪು. ಎಲ್ಲರೂ ಸೇರಿ ಅವರನ್ನು ವೆಲ್ಡಿಂಗ್ ಶಾಪಿನ ಬಾಗಿಲಿಗೂ ಬಿಡಲಿಲ್ಲ. "ನೀವು ಸ್ಟೋರ್ ರಿಜಿಸ್ಟರ್ ನೋಡ್ಕೊಳ್ಳಿ ಸಾರ್, ರೆಸ್ಟ್ ತಗೊಳ್ಳಿ" ಅಂದೆವು. ಹದಿನೈದು ದಿನ ಅವರು ನಟ್ಟು ಬೋಲ್ಟು ಎಣಿಸುತ್ತಾ ಕೂತರು. ಡಾಕ್ಟರು ಏನು ಹೇಳಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ಡಾಕ್ಟರು ಹೇಳಿದ್ದು, ಟಾರ್ಚ್ ಹಿಡಿಯಬೇಡಿ, ಮೆಷಿನ್ನಿಂದ, ಕೇಬಲ್‌ನಿಂದ ದೂರ ನಿಂತು ಪಾಠ ಮಾಡಿ ಅಂತ. ಪಾಠ ಮಾಡಬೇಡಿ ಅಂತಲ್ಲ!

ನಮ್ಮ ಅಭಿಪ್ರಾಯ ಇಷ್ಟೇ. ಇಂಥವರನ್ನು 'ಏನೂ ಆಗಿಲ್ಲ' ಅಂತ ತಳ್ಳಿಹಾಕುವುದೂ ತಪ್ಪು, 'ಅಯ್ಯೋ ಪಾಪ' ಅಂತ ಮೂಲೆಗೆ ಕೂರಿಸುವುದೂ ತಪ್ಪು. ಬೇಕಿರುವುದು ಕನಿಕರವಲ್ಲ, ಅಳತೆ. ಅಳೆಯೋದು ನಮ್ಮ ಕಸುಬು ತಾನೇ? ಮೊಬೈಲು ಎದೆಯಿಂದ 15 ಸೆಂ.ಮೀ. ದೂರ ಇರಲಿ, ಶರ್ಟಿನ ಜೇಬಿನಲ್ಲಿ ಬೇಡ. ಉರಿಯುತ್ತಿರುವ ಇಂಡಕ್ಷನ್ ಒಲೆಯಿಂದ 60 ಸೆಂ.ಮೀ. ಸಾಕು. ಬಲವಾದ ಮ್ಯಾಗ್ನೆಟ್ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಬಡಿತ ಗಮನಿಸುವುದು ಬಿಟ್ಟು ಒಂದೇ ವೇಗದಲ್ಲಿ ಮಿಡಿಯಬಹುದು, ದೂರ ಹೋದರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಮೆಟಲ್ ಡಿಟೆಕ್ಟರ್ ಗೇಟಿನಲ್ಲಿ ನಿಲ್ಲದೇ ನಡೆದು ಹೋಗಬಹುದು. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಆಡಿಸಬಾರದು. ಎಂಆರ್‌ಐ ಅಂದರೆ ಮೊದಲೇ ಕಾರ್ಡ್ ತೋರಿಸಬೇಕು.

ಹಾಗಾಗಿ ಕಾಲೇಜಿಗೆ ಎರಡು ಮನವಿ. ವೆಲ್ಡಿಂಗ್ ಶಾಪ್, ಮೆಷಿನ್ಸ್ ಲ್ಯಾಬ್ ಬಾಗಿಲಲ್ಲಿ 'ಪೇಸ್‌ಮೇಕರ್ ಇರುವವರು ಮೊದಲು ತಿಳಿಸಿ' ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಬೋರ್ಡ್ ಹಾಕಿ. ಫೆಸ್ಟ್ ದಿನ ಗೇಟಿನಲ್ಲಿ ನಿಲ್ಲುವ ವಾಲಂಟಿಯರ್‌ಗಳಿಗೆ ಐದು ನಿಮಿಷ ಇದನ್ನು ಹೇಳಿಕೊಡಿ. ಪೇಸ್‌ಮೇಕರ್ ವಯಸ್ಸಾದವರಿಗೆ ಮಾತ್ರ ಅಂದುಕೊಳ್ಳಬೇಡಿ, ನಮ್ಮ ಬೆಂಚಿನಲ್ಲೇ ಇರಬಹುದು, ಹೇಳಿಕೊಂಡಿಲ್ಲ ಅಷ್ಟೇ.

ಮೇಷ್ಟ್ರ ವಿಷಯಕ್ಕೆ ಬಂದರೆ, ನಾವು ಡಾಕ್ಟರು ಹೇಳಿದ ದೂರ ಕೇಳಿಕೊಂಡು, ಟೇಪ್ ಹಿಡಿದು, ವೆಲ್ಡಿಂಗ್ ಶಾಪಿನಲ್ಲಿ ಒಂದು ಹಳದಿ ಗೆರೆ ಎಳೆದೆವು. ಈಗ ಅವರು ಗೆರೆಯ ಆಚೆ ನಿಂತು, "ಆರ್ಕ್ ಉದ್ದ ಆಯ್ತು ಕಣೋ, ಹತ್ರ ಹಿಡಿಯೋ!" ಅಂತ ಮೊದಲಿನ ಹಾಗೇ ಬೈಯ್ತಾರೆ.