ಹಸಿವಿಗೆ ಹದಿನೆಂಟು ವರ್ಷ ಕಾಯಲು ಬರುವುದಿಲ್ಲ

ಗುಜರಾತಿನಲ್ಲಿ ‘ವ್ಹಾಲಿ ದೀಕರಿ’ ಎಂಬ ಸರ್ಕಾರಿ ಯೋಜನೆಯಿದೆ. ಮುದ್ದಿನ ಮಗಳು ಎಂದು ಅರ್ಥ. 2019ರ ಆಗಸ್ಟ್ 2ರಂದು ಅಥವಾ ಆಮೇಲೆ ಹುಟ್ಟಿದ ಹೆಣ್ಣುಮಗುವಿಗೆ, ಹೆತ್ತವರ ವಾರ್ಷಿಕ ಆದಾಯ 2 ಲಕ್ಷ ರೂಪಾಯಿ ಮೀರದಿದ್ದರೆ, ಸರ್ಕಾರ ಮೂರು ಸಲ ಹಣ ಕೊಡುತ್ತದೆ. ಒಂದನೇ ತರಗತಿಗೆ ಸೇರಿದಾಗ 4,000. ಒಂಬತ್ತನೇ ತರಗತಿಗೆ ಸೇರಿದಾಗ 6,000. ಹದಿನೆಂಟು ತುಂಬಿದಾಗ 1 ಲಕ್ಷ. ಒಟ್ಟು 1,10,000 ರೂಪಾಯಿ.

ಈ ಮೊತ್ತವನ್ನು ಹದಿನೆಂಟು ವರ್ಷದ 216 ತಿಂಗಳಿಗೆ ಹಂಚಿ ನೋಡಿ. ತಿಂಗಳಿಗೆ 509 ರೂಪಾಯಿ ಬರುತ್ತದೆ. ದಿನಕ್ಕೆ ಹದಿನೇಳು ರೂಪಾಯಿಯ ಹತ್ತಿರ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ದೊಡ್ಡ ಸಂಗತಿಯಲ್ಲ ಅನ್ನಿಸಬಹುದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗುಜರಾತಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 39ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆಚ್ಚುಕಡಿಮೆ ಅಷ್ಟೇ ಪಾಲು ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಈ ನಷ್ಟವಾಗುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಮುದ್ದಿನ ಮಗಳಿಗೆ ಮೊದಲ ರೂಪಾಯಿ ಸಿಗುವುದು ಆರನೇ ವರ್ಷದಲ್ಲಿ. ಲಕ್ಷ ರೂಪಾಯಿ ಬರುವ ಹೊತ್ತಿಗೆ ಆಕೆಯ ಎತ್ತರ, ತೂಕ, ಶಾಲೆಯ ಹಣೆಬರಹ ಎಲ್ಲ ತೀರ್ಮಾನವಾಗಿರುತ್ತದೆ.

ಆ ಲಕ್ಷವೂ ಲಕ್ಷವಾಗಿ ಉಳಿಯುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರುತ್ತವೆ ಎಂದಿಟ್ಟುಕೊಂಡರೆ, 2019ರಲ್ಲಿ ಹುಟ್ಟಿದ ಮಗುವಿನ ಕೈಗೆ 2037ರಲ್ಲಿ ಬರುವ ಲಕ್ಷಕ್ಕೆ ಹುಟ್ಟಿದ ವರ್ಷದ ಲೆಕ್ಕದಲ್ಲಿ ಸುಮಾರು 35,000 ರೂಪಾಯಿಯ ಬೆಲೆ. ತಡವಾಗಿ ಕೊಡುವುದು ಸರ್ಕಾರಕ್ಕೆ ಅಗ್ಗ. ನನ್ನ ತಕರಾರು ಇರುವುದೇ ಅಲ್ಲಿ. ಕಾಯುವ ಖರ್ಚನ್ನೆಲ್ಲ ಮಗುವಿನ ತಲೆಗೆ ಕಟ್ಟಿ, ಕೊನೆಯಲ್ಲಿ ಚೆಕ್ಕು ಕೊಡುವ ಹೆಗ್ಗಳಿಕೆಯನ್ನು ಸರ್ಕಾರ ತಾನಿಟ್ಟುಕೊಳ್ಳುತ್ತದೆ. ಆ ಲಕ್ಷ ಉನ್ನತ ಶಿಕ್ಷಣಕ್ಕೆ ಅಥವಾ ಮದುವೆಗೆ ಎಂದು ಯೋಜನೆಯೇ ಹೇಳುತ್ತದೆ. ಹೆಣ್ಣು ಹುಟ್ಟಿದರೆ ಮದುವೆಯ ಖರ್ಚು ಎಂಬ ಭಯವನ್ನು ಕಳೆಯಬೇಕಾದ ಯೋಜನೆ ಆ ಭಯಕ್ಕೇ ಮುದ್ರೆ ಒತ್ತಿದ ಹಾಗಾಯಿತು.

ಇನ್ನು ಬಾಗಿಲು ದಾಟುವ ಮಾತು. ಮಗು ಹುಟ್ಟಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದಾಯ ಪತ್ರ, ವಾಸ್ತವ್ಯದ ದಾಖಲೆ, ಜನನ ಪತ್ರ, ಆಧಾರ್ ಎಲ್ಲ ಬೇಕು. ಸೂರತ್ತಿನ ಪವರ್‌ಲೂಮುಗಳಲ್ಲಿ ದುಡಿಯುವವರಲ್ಲಿ ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸೂರತ್ತಿನ ಸೀರೆ ದೇಶದ ಮೂಲೆಮೂಲೆಗೆ ಹೋಗುತ್ತದೆ, ನೇಯ್ದವನ ಮಗಳು ಮಾತ್ರ ಗುಜರಾತಿನ ಮಗಳು ಎಂದು ಸಾಬೀತು ಮಾಡಬೇಕು. ಆದಾಯದ ಮಿತಿಯ ಲೆಕ್ಕವನ್ನೂ ನೋಡಿ. ಗಂಡನಿಗೆ ತಿಂಗಳಿಗೆ 12,000, ಹೆಂಡತಿ ಮನೆಯಲ್ಲಿ ಸೀರೆಗೆ ಜರಿ ಅಂಟಿಸಿ 5,000 ಗಳಿಸುತ್ತಾಳೆ ಎಂದುಕೊಳ್ಳಿ. ವರ್ಷಕ್ಕೆ 2,04,000. ನಾಲ್ಕು ಸಾವಿರ ಹೆಚ್ಚು ದುಡಿದ ತಪ್ಪಿಗೆ ಮಗಳು ಯೋಜನೆಯ ಹೊರಗೆ.

2024ರ ಬಜೆಟ್ಟಿನಲ್ಲಿ ಬಂದ ‘ನಮೋ ಲಕ್ಷ್ಮಿ’ ಇದಕ್ಕಿಂತ ಒಳ್ಳೆಯದು, ಅದನ್ನು ಒಪ್ಪಲೇಬೇಕು. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ಓದುವ ಹುಡುಗಿಗೆ ನಾಲ್ಕು ವರ್ಷದಲ್ಲಿ 50,000 ರೂಪಾಯಿ. ಮೊದಲೆರಡು ವರ್ಷ ತಿಂಗಳಿಗೆ 500, ಆಮೇಲೆ 750, ವರ್ಷಕ್ಕೆ ಹತ್ತು ತಿಂಗಳು. ತಿಂಗಳು ತಿಂಗಳು ಕೊಡಬೇಕು ಎಂಬ ಬುದ್ಧಿ ಇಲ್ಲಿ ಬಂದಿದೆ. ಆದರೆ ಕೂಡಿಸಿ ನೋಡಿದರೆ ಹೀಗೆ ಸಿಗುವುದು 25,000 ಮಾತ್ರ. ಉಳಿದ ಅರ್ಧ, ಹತ್ತನೇ ತರಗತಿ ಪಾಸಾದರೆ 10,000, ಹನ್ನೆರಡು ಪಾಸಾದರೆ 15,000. ತಿಂಗಳ ಹಣಕ್ಕೂ ಶೇ. 80 ಹಾಜರಿ ಬೇಕು. ತಾಯಿ ಹಾಸಿಗೆ ಹಿಡಿದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಯಾರು? ಹಣದ ಅಗತ್ಯ ಅತಿ ಹೆಚ್ಚಿರುವ ಮನೆಯ ಹುಡುಗಿಯೇ. ಫೇಲಾಗುವ ಸಾಧ್ಯತೆ ಹೆಚ್ಚಿರುವವಳೂ ಅವಳೇ.

ಅವಳ ಅಣ್ಣನ ಗತಿ? ಶಿಕ್ಷಣದ ಹಕ್ಕು ಹದಿನಾಲ್ಕು ವರ್ಷಕ್ಕೆ ಮುಗಿಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ ಹದಿನಾಲ್ಕು ದಾಟಿದವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಕಾನೂನಿನ ಎರಡು ಬೇಲಿಗಳೂ ಒಂದೇ ದಿನ ಕಳಚುತ್ತವೆ. ಹನ್ನೊಂದನೇ ತರಗತಿಗೆ ಹೋಗಿ ವಿಜ್ಞಾನ ಆರಿಸಿಕೊಂಡರೆ ಹುಡುಗನಿಗೂ ಒಂದು ನೆರವಿದೆ. ಪರೀಕ್ಷೆ ಬರೆದು ಆಯ್ಕೆಯಾದವರಿಗೆ, ಕೆಲವು ಜಾತಿ ವರ್ಗಗಳಿಗೆ ವಿದ್ಯಾರ್ಥಿವೇತನವಿದೆ. ಮಿಕ್ಕ ಸಾಧಾರಣ ಬಡ ಹುಡುಗನನ್ನು ಒಂಬತ್ತನೇ ತರಗತಿಯ ಬೆಂಚಿನ ಮೇಲೆ ಹಿಡಿದಿಡಲು ಸರ್ಕಾರದ ಬಳಿ ತಿಂಗಳಿಗೆ ನೂರು ರೂಪಾಯಿಯೂ ಇಲ್ಲ. ಅವನನ್ನು ಕರೆಯಲು ಚಹಾದಂಗಡಿ ಇದೆ, ಸೀರೆ ಮಡಿಚುವ ಗೋದಾಮು ಇದೆ.

ಈ ಯೋಜನೆಗಳ ತರ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ‘ಪಾಲಕ್ ಮಾತಾ-ಪಿತಾ’ ಯೋಜನೆ ನೋಡಬೇಕು. ಅನಾಥ ಮಗುವನ್ನು ಸಾಕುವವರಿಗೆ ತಿಂಗಳಿಗೆ 3,000 ರೂಪಾಯಿ. ಒಳ್ಳೆಯ ಮೊತ್ತ. ನಗರದಲ್ಲಿ ಸಾಕುವವರ ಆದಾಯ ವರ್ಷಕ್ಕೆ 36,000 ಮೀರಿರಬೇಕು ಎಂಬುದು ನಿಯಮ. ತಂದೆ ಸತ್ತು, ತಾಯಿ ಮರುಮದುವೆಯಾಗಿ ಮಗುವನ್ನು ಬಿಟ್ಟುಹೋದರೂ ಸಾಕುವವರಿಗೆ ಈ ಹಣ ಸಿಗುತ್ತದೆ. ಅದೇ ತಾಯಿ ಮಗುವನ್ನು ತಾನೇ ಇಟ್ಟುಕೊಂಡು ಸಾಕಿದರೆ ಈ 3,000 ಇಲ್ಲ, ‘ಗಂಗಾ ಸ್ವರೂಪಾ’ ಯೋಜನೆಯ 1,250 ರೂಪಾಯಿ ವಿಧವಾ ವೇತನ. ಬಿಟ್ಟುಹೋದರೆ ಹೆಚ್ಚು, ಉಳಿದರೆ ಕಡಿಮೆ. ಇದನ್ನು ಬರೆದ ಅಧಿಕಾರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುತ್ತಿಲ್ಲ. ಮಗುವನ್ನು ನಡುವೆ ಕೂರಿಸದೆ ಒಂದೊಂದು ಇಲಾಖೆ ಒಂದೊಂದು ನಿಯಮ ಬರೆದರೆ ಹೀಗೇ ಆಗುತ್ತದೆ.

ಸರ್ಕಾರಕ್ಕೆ ವಿಷಯ ಗೊತ್ತಿಲ್ಲವೆಂದಲ್ಲ. ಸೂರತ್ತಿನ ವಜ್ರೋದ್ಯಮ ನೆಲಕಚ್ಚಿದಾಗ, 2025ರ ಮೇ ತಿಂಗಳಲ್ಲಿ, ಕೆಲಸ ಕಳೆದುಕೊಂಡ ವಜ್ರ ಕಾರ್ಮಿಕರ ಮಕ್ಕಳ ಒಂದು ವರ್ಷದ ಶಾಲಾ ಶುಲ್ಕವನ್ನು 13,500 ರೂಪಾಯಿವರೆಗೆ ತಾನು ಕಟ್ಟುವುದಾಗಿ ಘೋಷಿಸಿತು. ಅಪ್ಪನ ಕೂಲಿ ನಿಂತರೆ ಮಗುವಿನ ಶಾಲೆ ನಿಲ್ಲುತ್ತದೆ ಎಂದು ಒಪ್ಪಿಕೊಂಡಂತಾಯಿತು. ಹಾಗಿದ್ದರೆ ಮಗ್ಗದವನ ಮಗು, ರಿಕ್ಷಾದವನ ಮಗು ಯಾವ ಲೆಕ್ಕ? ಒಂದು ವರ್ಷವಾದ ಮೇಲೆ?

ವಡೋದರದ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ. ಮಹಾರಾಜ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮರೇಲಿ ಭಾಗದಲ್ಲಿ, 1906ರಲ್ಲಿ ಇಡೀ ಬರೋಡಾ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಮಗುವನ್ನು ಕಳಿಸದವರಿಗೆ ದಂಡ ಹಾಕಿದರು. ಆ ದಂಡ ಬಡವರ ಮೇಲೇ ಬಿದ್ದದ್ದೂ ನಿಜ. ಅದೇ ಮಹಾರಾಜರು 1913ರಲ್ಲಿ ಒಬ್ಬ ದಲಿತ ಯುವಕನನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಆ ಯುವಕ ಭೀಮರಾವ್ ಅಂಬೇಡ್ಕರ್. ಮೊದಲು ಪದವಿ ತೆಗೆದುಕೊಂಡು ಬಾ, ಆಮೇಲೆ ಇಡಿಗಂಟು ಕೊಡುತ್ತೇನೆ ಎಂದಿದ್ದರೆ ಅಂಬೇಡ್ಕರ್ ಹಡಗು ಹತ್ತುತ್ತಿರಲಿಲ್ಲ. ಓದುವವನಿಗೆ ಓದುವಾಗ ಹಣ ಬೇಕು. ನೂರು ವರ್ಷದ ಹಿಂದಿನ ಅರಮನೆಗೆ ತಿಳಿದದ್ದು ಇಂದಿನ ಸಚಿವಾಲಯಕ್ಕೆ ತಿಳಿಯಬಾರದೇ?

‘ಕೈಗೆ ಕಾಸು ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ’ ಎಂಬ ಮಾತು ಬಂದೇ ಬರುತ್ತದೆ. ಇಳಾ ಭಟ್ 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘಟನೆ ಇದನ್ನು ಪರೀಕ್ಷಿಸಿ ನೋಡಿದೆ. ಯುನಿಸೆಫ್ ನೆರವಿನಿಂದ 2011ರ ಸುಮಾರಿಗೆ ಮಧ್ಯಪ್ರದೇಶದ ಹಳ್ಳಿಗಳಲ್ಲಿ ದೊಡ್ಡವರಿಗೂ ಮಕ್ಕಳಿಗೂ ತಿಂಗಳು ತಿಂಗಳು ಷರತ್ತಿಲ್ಲದೆ ಹಣ ಕೊಟ್ಟರು. ಮಕ್ಕಳ ತೂಕ, ಶಾಲೆಯ ಹಾಜರಿ ಸುಧಾರಿಸಿತು. ಕುಡಿತ ಹೆಚ್ಚಲಿಲ್ಲ. 2022ರಲ್ಲಿ ಪ್ರಧಾನಿ ಇಂಥ ಕೊಡುಗೆಗಳನ್ನು ‘ರೇವಡಿ’ ಎಂದು ಹಂಗಿಸಿದ್ದರು. ಎರಡೇ ವರ್ಷದಲ್ಲಿ ಅವರದೇ ರಾಜ್ಯದ ಯೋಜನೆಗೆ ‘ನಮೋ’ ಎಂಬ ಹೆಸರು ಅಂಟಿತು. ಕೊಡುವುದು ತಪ್ಪಲ್ಲ ಎಂಬುದು ಅಲ್ಲಿಗೆ ಎಲ್ಲ ಪಕ್ಷಗಳಿಗೂ ಒಪ್ಪಿಗೆಯಾದಂತೆ. ಉಳಿದ ಪ್ರಶ್ನೆ ಯಾರಿಗೆ, ಯಾವಾಗ ಎಂಬುದು.

ಕರ್ನಾಟಕದವರು ಬೀಗಬೇಕಿಲ್ಲ. 2006ರ ನಮ್ಮ ಭಾಗ್ಯಲಕ್ಷ್ಮಿ ಬಾಂಡು ಇದೇ ಹದಿನೆಂಟು ವರ್ಷದ ಕಾಯುವಿಕೆಯ ಅಕ್ಕ. 2023ರ ಗೃಹಲಕ್ಷ್ಮಿ ತಿಂಗಳಿಗೆ 2,000 ಕೊಡುತ್ತದೆ, ಅದು ಸರಿಯಾದ ದಾರಿ. ಆದರೆ ಮಕ್ಕಳಿಲ್ಲದ ಮನೆಗೂ ನಾಲ್ಕು ಮಕ್ಕಳ ಮನೆಗೂ ಅಷ್ಟೇ. ಕಂತುಗಳೂ ತಿಂಗಳುಗಟ್ಟಲೆ ತಡವಾಗಿವೆ.

ಬೇಕಾದದ್ದು ಸರಳ. ಹುಟ್ಟಿದ ದಿನದಿಂದ ಹದಿನೆಂಟರವರೆಗೆ, ಗಂಡಾಗಲಿ ಹೆಣ್ಣಾಗಲಿ, ಬಡ ಮನೆಯ ಪ್ರತಿ ಮಗುವಿನ ಹೆಸರಿನಲ್ಲಿ ತಿಂಗಳು ತಿಂಗಳು ತಾಯಿಯ ಅಥವಾ ಸಾಕುವವರ ಖಾತೆಗೆ ಹಣ. ಬೆಲೆ ಏರಿದಂತೆ ಏರುವ ಹಣ. ಗಂಜಾಂನಿಂದ ಸೂರತ್ತಿಗೆ, ಕಲಬುರಗಿಯಿಂದ ಪುಣೆಗೆ ಹೋದರೂ ಮಗುವಿನ ಜೊತೆಗೇ ಹೋಗುವ ಹಣ. ದಕ್ಷಿಣ ಆಫ್ರಿಕಾ 1998ರಲ್ಲಿ ಏಳು ವರ್ಷದೊಳಗಿನ ಮಕ್ಕಳಿಂದ ಶುರುಮಾಡಿ ಹದಿನೆಂಟರವರೆಗೆ ವಿಸ್ತರಿಸಿತು. ನಾವೂ ಮೊದಲ ಮೂರು ವರ್ಷದಿಂದ ಶುರುಮಾಡಬಹುದು.

ಇವತ್ತು ಅಹಮದಾಬಾದಿನ ಯಾವುದೋ ಚಾಳಿನಲ್ಲಿ ಹುಟ್ಟಿದ ಮುದ್ದಿನ ಮಗಳಿಗೆ ಲಕ್ಷ ರೂಪಾಯಿ ಸಿಗುವ ಹೊತ್ತಿಗೆ ನಾಲ್ಕು ವಿಧಾನಸಭಾ ಚುನಾವಣೆಗಳಾದರೂ ಮುಗಿದಿರುತ್ತವೆ. ಅವಳಿಗೆ ಹಾಲು ಬೇಕಾಗಿರುವುದು ನಾಳೆ ಬೆಳಗ್ಗೆ.