ಲಿವರ್ ಮಾತ್ರೆ, ಮನಸ್ಸಿನ ಮಾತ್ರೆ

ಕಸದಲ್ಲಿನ ಸೂಜಿ ಚುಚ್ಚಿ ಹೆಪಟೈಟಿಸ್ ಸಿ ಅಂಟೋ ಅಪಾಯ ನಮ್ಮ ಪೌರಕಾರ್ಮಿಕರಿಗೆ ದಿನಾ ಇದೆ. 2018ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಸೊಫೊಸ್ಬುವಿರ್, ಡಕ್ಲಾಟಸ್ವಿರ್ ಉಚಿತ. ಸರಿ. ಆದ್ರೆ ಇದು ಶುರುವಾದ ಕೂಡಲೇ ಹೆದರಿ ಖಿನ್ನತೆಯ ಮಾತ್ರೆ ಬಿಟ್ಟವರನ್ನ ನಾನು ನೋಡಿದ್ದೀನಿ.

ಬಿಡಬೇಡಿ. ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್ ಸಾಮಾನ್ಯವಾಗಿ ಇವುಗಳ ಜೊತೆ ನಡೆಯುತ್ತೆ. (ಖಿನ್ನತೆ ತರ್ತಿದ್ದದ್ದು ಹಳೇ ಇಂಟರ್‌ಫೆರಾನ್ ಇಂಜೆಕ್ಷನ್.) ಕಾರ್ಬಮಾಜೆಪಿನ್ ಮಾತ್ರ ಕೂಡದು, ವೈರಸ್ ಔಷಧಿಯ ಕಸುವನ್ನೇ ಇಳಿಸುತ್ತೆ. ಫಿಟ್ಸ್‌ಗೂ ಅದನ್ನೇ ಕೊಡ್ತಾರೆ. ನೀವಾಗೇ ನಿಲ್ಲಿಸಬೇಡಿ, ಡಾಕ್ಟರೇ ಬದಲಿಸಲಿ.

"ಬೇರೆ ಏನು ಮಾತ್ರೆ ತಗೊಳ್ತೀರಮ್ಮಾ?" ಅಂತ ಬಹುವಚನದಲ್ಲಿ, ಮುಖ ನೋಡಿ ಕೇಳೋಕೆ ಎರಡು ನಿಮಿಷ ಸಾಕು. ನಾನು ಜೊತೆಗೆ ಹೋದ ಕಡೆ ಯಾರೂ ಕೇಳಲಿಲ್ಲ. ಕೇಳದಿರೋದೂ ಅಸ್ಪೃಶ್ಯತೆಯೇ ಅಂತೀನಿ. ಚಿಕಿತ್ಸಾ ಚೀಟಿಯಲ್ಲಿ ಆ ಪ್ರಶ್ನೆ ಕನ್ನಡದಲ್ಲಿ ಅಚ್ಚಾಗಲಿ.