ಕರೆಯದೆ ಕೊಟ್ಟ ತೀರ್ಪು

ಜಗಳವಾಡಿ ಬಂದ ಇಬ್ಬರು ಹುಡುಗರಲ್ಲಿ ಒಬ್ಬನ ಮಾತನ್ನಷ್ಟೇ ಕೇಳಿ ಬೆತ್ತ ಎತ್ತುವ ಉಪಾಧ್ಯಾಯನನ್ನು ಯಾವ ತರಗತಿಯೂ ಗೌರವಿಸದು. ನ್ಯಾಯಾಲಯಕ್ಕೂ ಈ ಮಾತು ಸಲ್ಲುತ್ತದೆ.

ಮಿತ್ರರ ಸಾಲಕ್ಕೆ ಜಾಮೀನು ನಿಂತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ, ತಮ್ಮ ಮೇಲೆ ದಾವೆ ನಡೆದು ಡಿಕ್ರಿಯಾಗಿರುವುದು ತಿಳಿದದ್ದು ಸಂಬಳದ ಜಪ್ತಿ ಆದೇಶ ಕಚೇರಿಗೆ ಬಂದಾಗ. ವರ್ಗಾವಣೆಯಾಗಿ ಎಂದೋ ತೆರವು ಮಾಡಿದ್ದ ಬಾಡಿಗೆ ಮನೆಯ ಬಾಗಿಲಿಗೆ ಸಮನ್ಸ್ ಅಂಟಿಸಲಾಗಿತ್ತು. 'ಕೋರ್ಟಿನ ಆದೇಶ, ಸುಮ್ಮನೆ ಕಟ್ಟಿಬಿಡಿ' ಎಂದು ಹಲವರು ಬುದ್ಧಿ ಹೇಳಿದರು. ಆ ಬುದ್ಧಿಮಾತನ್ನು ನಾನು ಒಪ್ಪಲಾರೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 13ನೆಯ ನಿಯಮವನ್ನು ಗಮನಿಸಿರಿ. ಸಮನ್ಸ್ ಕ್ರಮವಾಗಿ ಜಾರಿಯಾಗಿರಲಿಲ್ಲವೆಂದು, ಅಥವಾ ಗೈರುಹಾಜರಿಗೆ ತಕ್ಕ ಕಾರಣವಿತ್ತೆಂದು ಮನವರಿಕೆ ಮಾಡಿಕೊಟ್ಟರೆ, ಡಿಕ್ರಿ ಮಾಡಿದ ನ್ಯಾಯಾಲಯವೇ ಅದನ್ನು ರದ್ದುಪಡಿಸಬೇಕು. ಅರ್ಜಿಗೆ ಇರುವ ಅವಧಿ 30 ದಿನ. ಸಮನ್ಸ್ ಕ್ರಮವಾಗಿ ಜಾರಿಯಾಗಿರದಿದ್ದರೆ, ಆ ದಿನಗಳನ್ನು ಡಿಕ್ರಿಯ ವಿಷಯ ತಿಳಿದಂದಿನಿಂದ ಎಣಿಸಬೇಕೆಂದು 1963ರ ಕಾಲಪರಿಮಿತಿ ಕಾಯ್ದೆಯ 123ನೆಯ ಅನುಚ್ಛೇದ ಹೇಳುತ್ತದೆ. ಪತ್ರಿಕಾ ಪ್ರಕಟಣೆಯಂತಹ ಬದಲಿ ಜಾರಿಯು ಈ ಎಣಿಕೆಗೆ ಕ್ರಮವಾದ ಜಾರಿಯೆನಿಸದು.

ಆದುದರಿಂದ ವಿಷಯ ತಿಳಿದೊಡನೆ ವಕೀಲರ ಮೂಲಕ ಕಡತದ ದೃಢೀಕೃತ ನಕಲುಗಳನ್ನು ಪಡೆಯಬೇಕು. ಅಮೀನರ ಷರಾದಲ್ಲಿ ಮನೆಯನ್ನು ಗುರುತಿಸಿ ತೋರಿಸಿದವರ ಹೆಸರು, ವಿಳಾಸ ಇವೆಯೇ ಎಂದು ನೋಡಬೇಕು. ವರ್ಗಾವಣೆ ಆದೇಶದಂತಹ ವಿಳಾಸದ ದಾಖಲೆಗಳನ್ನು ಅರ್ಜಿಯೊಡನೆ ಲಗತ್ತಿಸಬೇಕು. ಜಪ್ತಿಗೆ ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೋರಬೇಕು; ಅರ್ಜಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲುವುದಿಲ್ಲ.

ಸಾಲ ಮುಳುಗಿಸುವವರಿಗೆ ಇದು ನೆಪವಾಗದೇ ಎಂಬ ಆಕ್ಷೇಪವುಂಟು. ಕಾನೂನು ಅದನ್ನೂ ಯೋಚಿಸಿದೆ. ವಿಚಾರಣೆಯ ದಿನ ತಿಳಿದಿದ್ದು, ಹಾಜರಾಗಲು ಸಾಕಷ್ಟು ಸಮಯವೂ ಇದ್ದವರಿಗೆ ಜಾರಿಯಲ್ಲಿನ ಸಣ್ಣ ಲೋಪವೊಂದೇ ನೆರವಾಗದು. ಖರ್ಚು ಕೊಡುವಂತೆ, ಹಣವನ್ನು ಠೇವಣಿಯಿಡುವಂತೆ ನ್ಯಾಯಾಲಯ ಷರತ್ತು ವಿಧಿಸಬಹುದು. ಎದುರು ಪಕ್ಷಕ್ಕೆ ನೋಟೀಸು ನೀಡದೆ ಡಿಕ್ರಿಯನ್ನು ರದ್ದುಪಡಿಸುವಂತೆಯೂ ಇಲ್ಲ. ರದ್ದಾದರೂ ಸಾಲ ಮನ್ನಾ ಆಗುವುದಿಲ್ಲ. ದಾವೆ ಮತ್ತೆ ನಡೆಯುತ್ತದೆ, ಈ ಬಾರಿ ಇಬ್ಬರ ಮಾತನ್ನೂ ಕೇಳಿ.

ಕೊರತೆಯಿರುವುದು ಮೊದಲ ಹೆಜ್ಜೆಯಲ್ಲಿ. ಸಾಲ ಕೊಡುವಾಗ ದೂರವಾಣಿ ಸಂಖ್ಯೆ, ಕಚೇರಿಯ ವಿಳಾಸ ಎಲ್ಲವನ್ನೂ ಬರೆಸಿಕೊಂಡವರು ದಾವೆ ಹೂಡುವಾಗ ಹಳೆಯ ವಿಳಾಸವೊಂದನ್ನೇ ಕೊಡುವುದು ಸರಿಯಲ್ಲ. ತಮಗೆ ತಿಳಿದಿರುವ ಸಂಪರ್ಕಗಳೆಲ್ಲವನ್ನೂ ಅವರು ಪ್ರಮಾಣಪೂರ್ವಕವಾಗಿ ತಿಳಿಸುವಂತಾಗಬೇಕು.

ನಿಮ್ಮಲ್ಲಿ ಯಾರಾದರೂ ಜಾಮೀನು ನಿಂತಿದ್ದರೆ, ಮನೆ ಬದಲಾಯಿಸಿದಾಗ ಸಾಲ ಕೊಟ್ಟವರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.